ತುಕ್ಕಿನೊಳಗಿನ ಉಪ್ಪು

ಕಡಲ ತಳದಲ್ಲೋ ದಡದ ಮರಳಿನಡಿಯಲ್ಲೋ ನೂರಾರು ವರ್ಷ ಹೂತಿದ್ದ ಲೋಹದ ವಸ್ತು ಮನುಷ್ಯನ ಕೈಗೆ ಬಂದಾಗ, ಅದರ ಮೈಮೇಲೆ ಕಾಣುವ ತುಕ್ಕಿಗಿಂತ ಆ ತುಕ್ಕಿನೊಳಗೆ ಕಾಣದೆ ಕುಳಿತಿರುವ ಉಪ್ಪೇ ಹೆಚ್ಚು ಅಪಾಯಕಾರಿ ಎಂಬುದು ಲೋಹಸಂರಕ್ಷಣೆಯ ಶಾಸ್ತ್ರವು ಕಳೆದ ಒಂದು ಶತಮಾನದಲ್ಲಿ ಬಹಳ ನಷ್ಟ ಮಾಡಿಕೊಂಡು ಕಲಿತ ಪಾಠ. ಹಳೆಯ ಲೋಹವನ್ನು ಸ್ವಚ್ಛಗೊಳಿಸುವುದು ಎಂದೊಡನೆ ಹುಣಸೆಹಣ್ಣು, ಉಜ್ಜುಕಾಗದ, ತಂತಿಯ ಬ್ರಷ್ಷು, ಆಸಿಡ್ಡು ಇವು ನೆನಪಿಗೆ ಬರುವುದು ಸಹಜ. ಆದರೆ ಮನೆಯ ಕೊಡ ತಂಬಿಗೆಗಳಿಗೆ ಒಗ್ಗುವ ಈ ಉಪಾಯಗಳು ಕಡಲಿನಿಂದ ಬಂದ ವಸ್ತುವಿನ ಮಟ್ಟಿಗೆ ಬಹುಪಾಲು ಕೊಲೆಗಾರ ಉಪಾಯಗಳೇ ಆಗಿವೆ. ಸಂರಕ್ಷಕರ ಪ್ರಯೋಗಾಲಯದಲ್ಲಿ ನಡೆಯುವ ಕೆಲಸವನ್ನು ತೊಳೆಯುವುದು ಎನ್ನುವುದಕ್ಕಿಂತ ಉಪ್ಪು ಬಿಡಿಸುವುದು ಎಂದು ಕರೆಯುವುದೇ ಸರಿಯಾದೀತು. ಆ ಕೆಲಸ ಒಂದು ಮೊಳೆಗೆ ತಿಂಗಳುಗಳನ್ನೂ ಒಂದು ಫಿರಂಗಿಗೆ ವರ್ಷಗಳನ್ನೂ ಒಂದು ಹಡಗಿನ ಎಂಜಿನ್ನಿಗೆ ದಶಕಗಳನ್ನೂ ಬೇಡುತ್ತದೆ.

ಅದಿರನ್ನು ಕಾಯಿಸಿ ಬೇರ್ಪಡಿಸಿದ ಲೋಹವು, ಚಿನ್ನದಂಥ ಒಂದೆರಡನ್ನು ಬಿಟ್ಟರೆ, ಆಮ್ಲಜನಕ, ಗಂಧಕ, ಕ್ಲೋರಿನ್‌ಗಳೊಡನೆ ಕೂಡಿ ಮತ್ತೆ ಅದಿರಿನಂಥ ಸ್ಥಿತಿಗೆ ಮರಳಲು ಸದಾ ಹವಣಿಸುತ್ತಿರುತ್ತದೆ. ಕಬ್ಬಿಣದ ತುಕ್ಕು, ತಾಮ್ರ ಕಂಚುಗಳ ಕಿಲುಬು, ಬೆಳ್ಳಿಯ ಕಪ್ಪು ಈ ಮರಳುದಾರಿಯ ಬೇರೆ ಬೇರೆ ಹೆಸರುಗಳು. ಸಮುದ್ರ ಈ ದಾರಿಯನ್ನು ಸಲೀಸು ಮಾಡಿಕೊಡುತ್ತದೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ತೂಕ ಕ್ಲೋರೈಡ್ ಅಯಾನುಗಳದ್ದು, ಅಂದರೆ ಋಣ ವಿದ್ಯುದಂಶವನ್ನು ಹೊತ್ತ ಕ್ಲೋರಿನ್ ಕಣಗಳದ್ದು. ಕಬ್ಬಿಣ ಕರಗುವಾಗ ಧನ ವಿದ್ಯುದಂಶದ ಕಣಗಳು ಹುಟ್ಟುತ್ತವೆ, ಅವನ್ನು ಸರಿದೂಗಿಸಲು ಕ್ಲೋರೈಡ್ ಕಣಗಳು ಹೊರಗಿನ ನೀರಿನಿಂದ ಒಳಕ್ಕೆ ಸೆಳೆಯಲ್ಪಟ್ಟು, ತುಕ್ಕು ಮುಗಿದು ಗಟ್ಟಿ ಲೋಹ ಶುರುವಾಗುವ ಗಡಿಯಲ್ಲಿ ಒಟ್ಟುಗೂಡುತ್ತವೆ. ಹೀಗಾಗಿ ಮೇಲಿನಿಂದ ಎಷ್ಟು ಉಜ್ಜಿದರೂ ಎಷ್ಟು ತೊಳೆದರೂ ಕೈಗೆಟುಕದ ಆಳದಲ್ಲೇ ಉಪ್ಪು ಹೆಚ್ಚಾಗಿರುತ್ತದೆ.

ಇದೇ ಹೊತ್ತಿಗೆ ವಸ್ತುವಿನ ಸುತ್ತ ಇನ್ನೊಂದು ಕೆಲಸ ನಡೆಯುತ್ತಿರುತ್ತದೆ. ಕರಗುತ್ತಿರುವ ಕಬ್ಬಿಣ, ಮರಳು, ಚಿಪ್ಪು, ಹವಳ, ನೀರಿನಲ್ಲಿರುವ ಸುಣ್ಣದಂಶ ಇವೆಲ್ಲ ಬೆರೆತು ಗಾರೆಯಷ್ಟು ಗಟ್ಟಿಯಾದ ಕವಚವೊಂದು ಬೆಳೆಯುತ್ತದೆ. ಈ ಕವಚ ಆಮ್ಲಜನಕದ ಹರಿವನ್ನು ತಡೆಯುವುದರಿಂದ ಸವೆತ ನಿಲ್ಲದಿದ್ದರೂ ನಿಧಾನವಾಗುತ್ತದೆ. ಕಡಲಿನಲ್ಲಿರುವ ಎರಕದ ಕಬ್ಬಿಣ ವರ್ಷಕ್ಕೆ ಸರಾಸರಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಸವೆಯುತ್ತದೆ ಎಂಬುದು ಸಂರಕ್ಷಕರು ಬಳಸುವ ಸ್ಥೂಲ ಲೆಕ್ಕ. ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದಾದರೆ ತೆಳ್ಳನೆಯ ಮೊಳೆ ಎಂದೋ ಮಾಯವಾಗಿರಬೇಕು, ದಪ್ಪ ಫಿರಂಗಿಯ ತಿರುಳು ಉಳಿದಿರಬೇಕು ಎಂಬ ಅಂದಾಜು ಇದರಿಂದ ಸಿಗುತ್ತದೆ.

ಕಬ್ಬಿಣ ಹಾಳಾಗುವ ರೀತಿ ಅದನ್ನು ತಯಾರಿಸಿದ ರೀತಿಯನ್ನು ಅವಲಂಬಿಸಿದೆ. ಕುಲುಮೆಯಲ್ಲಿ ಕಾಯಿಸಿ ಬಡಿದು ಮಾಡಿದ ಮೆದುಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಮರದ ನಾರಿನಂತೆ ಉದ್ದಕ್ಕೂ ಹಾಯ್ದಿರುತ್ತವೆ, ಸವೆತ ಆ ಎಳೆಗಳ ಗುಂಟ ಸಾಗುವುದರಿಂದ ಹಳೆಯ ಲಂಗರಿನ ಮೈ ಕೊಳೆತ ಮರದ ದಿಮ್ಮಿಯಂತೆ ಸಿಗುರು ಸಿಗುರಾಗಿ ಕಾಣುತ್ತದೆ. ಅಚ್ಚಿಗೆ ಹೊಯ್ದು ಮಾಡಿದ ಬೀಡುಕಬ್ಬಿಣದ ಕಥೆ ಇದಕ್ಕಿಂತ ವಿಚಿತ್ರ. ಅದರಲ್ಲಿ ಗ್ರಾಫೈಟ್ ರೂಪದ ಇಂಗಾಲ ಹಾಳೆಹಾಳೆಯಾಗಿ ಹರಡಿಕೊಂಡಿರುತ್ತದೆ. ಸುತ್ತಲಿನ ಕಬ್ಬಿಣ ಕರಗಿಹೋದರೂ ಗ್ರಾಫೈಟಿನ ಜಾಲರಿ ನಿಂತೇ ಇರುವುದರಿಂದ ಫಿರಂಗಿಯ ಆಕಾರ, ಅದರ ಮೇಲಿನ ಮುದ್ರೆ, ಎರಕದ ಗುರುತು ಎಲ್ಲವೂ ಇದ್ದಂತೆಯೇ ಇರುತ್ತವೆ, ಆದರೆ ಆ ಮೈ ಪೆನ್ಸಿಲ್ಲಿನ ಕಡ್ಡಿಯಷ್ಟು ಮೆತ್ತಗಾಗಿ ಚಾಕುವಿನಿಂದ ಹೆರೆಯಬಹುದಾದ ಸ್ಥಿತಿಗೆ ಬಂದಿರುತ್ತದೆ. ಇತಿಹಾಸಕಾರನಿಗೆ ಬೇಕಾದದ್ದೆಲ್ಲ ಇರುವುದು ಆ ಮೆತ್ತನೆಯ ಪದರದಲ್ಲಿ. ಗಟ್ಟಿ ಕಬ್ಬಿಣ ಕಾಣುವವರೆಗೆ ಕೆರೆಯಬೇಕು ಎಂಬ ಉತ್ಸಾಹದಿಂದ ಕೈಹಾಕಿದವರು ಫಿರಂಗಿಯ ನಿಜವಾದ ಮೈಯನ್ನೇ ಕೆರೆದು ಚೆಲ್ಲಿರುತ್ತಾರೆ.

ವಸ್ತುವನ್ನು ದಡಕ್ಕೆ ತಂದು ಒಣಗಲು ಬಿಟ್ಟಾಗ ಏನಾಗುತ್ತದೆ ಎಂಬುದು ಈ ವಿಷಯದ ತಿರುಳು. ಒಳಗಿನ ರಂಧ್ರಗಳಲ್ಲಿ ಕರಗಿ ನಿಂತಿದ್ದ ಕಬ್ಬಿಣದ ಕ್ಲೋರೈಡ್, ಕಡಲಡಿಯಲ್ಲಿ ತನಗೆ ಹೇರಳವಾಗಿ ಸಿಗದಿದ್ದ ಆಮ್ಲಜನಕವನ್ನು ಒಮ್ಮೆಲೇ ಪಡೆದು, ಅಕಗನೈಟ್ ಎಂಬ ಹೊಸ ಬಗೆಯ ತುಕ್ಕಾಗಿ ಮಾರ್ಪಡುತ್ತದೆ. ಜಪಾನಿನ ಗಣಿಯೊಂದರ ಹೆಸರನ್ನು ಹೊತ್ತ ಈ ಖನಿಜ ತನ್ನ ಹರಳಿನೊಳಗೇ ಕ್ಲೋರೈಡನ್ನು ಬಚ್ಚಿಟ್ಟುಕೊಳ್ಳುತ್ತದೆ. ಈ ಕ್ರಿಯೆಯಲ್ಲಿ ಆಮ್ಲವೂ ಹುಟ್ಟಿ ಉಳಿದ ಲೋಹವನ್ನು ತಿನ್ನುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಮೇಲ್ಪದರ ಬಿರಿಯುತ್ತದೆ, ಹಪ್ಪಳದಂತೆ ಏಳುತ್ತದೆ, ಕೊನೆಗೆ ಚೂರುಚೂರಾಗಿ ಉದುರುತ್ತದೆ. ಮೈಮೇಲೆ ಜೇನುಬಣ್ಣದ ಹನಿಗಳು ಮೂಡುವುದು ಇದರ ಮುನ್ಸೂಚನೆ. ಸಂರಕ್ಷಕರು ಇದನ್ನು ಕಬ್ಬಿಣದ ಅಳು ಎಂದೇ ಕರೆಯುತ್ತಾರೆ. ನಾಲ್ಕು ಶತಮಾನ ನೀರಿನಡಿಯಲ್ಲಿ ಉಳಿದ ಗುಂಡೊಂದು ಕಪಾಟಿನಲ್ಲಿ ನಾಲ್ಕು ವರ್ಷ ಉಳಿಯದಿರುವುದಕ್ಕೆ ಕಾರಣ ಇಷ್ಟೇ.

ದೆಹಲಿಯ ಕಬ್ಬಿಣದ ಸ್ತಂಭ ಸುಮಾರು 1600 ವರ್ಷಗಳಿಂದ, ಕೊಡಚಾದ್ರಿಯ ಮೂಲ ಮೂಕಾಂಬಿಕಾ ದೇವಾಲಯದ ಮುಂದಿನ ಕಬ್ಬಿಣದ ಕಂಬ ಮಲೆನಾಡಿನ ಮಳೆಯಲ್ಲಿ ನೆನೆಯುತ್ತಲೇ ಬಾಳಿರುವಾಗ ಕಡಲಿನ ಕಬ್ಬಿಣಕ್ಕೆ ಮಾತ್ರ ಈ ಗತಿ ಏಕೆ ಎಂಬ ಪ್ರಶ್ನೆ ಇಲ್ಲಿ ಏಳುವುದು ನ್ಯಾಯವೇ. ದೆಹಲಿಯ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಿದ್ದು ಅದು ಮೈಮೇಲೆ ಕಾಪಿನ ತೆಳುಪೊರೆಯೊಂದನ್ನು ಕಟ್ಟಿಕೊಟ್ಟಿದೆ ಎಂಬುದು ಅದರ ಅಧ್ಯಯನದಿಂದ ತಿಳಿದುಬಂದಿದೆ. ಅದಕ್ಕಿಂತ ಮುಖ್ಯವಾಗಿ, ಬಯಲಿನಲ್ಲಿ ನಿಂತ ಕಂಬವನ್ನು ಮಳೆ ನೆನೆಸುತ್ತದೆ, ತೊಳೆಯುತ್ತದೆ, ಗಾಳಿ ಬಿಸಿಲುಗಳು ಒಣಗಿಸುತ್ತವೆ; ಕಡಲ ತಳದಲ್ಲಿ ಮಲಗಿದ ಕಬ್ಬಿಣದಂತೆ ಉಪ್ಪನ್ನು ಶತಮಾನಗಟ್ಟಲೆ ಎಲುಬಿಗೆ ಇಳಿಸಿಕೊಳ್ಳುವ ಪ್ರಸಂಗ ಅವುಗಳಿಗೆ ಬಂದಿಲ್ಲ.

ಆದ್ದರಿಂದ ಸಂರಕ್ಷಣೆಯ ಮೊದಲ ನಿಯಮ ಒದ್ದೆಯಾಗಿ ಸಿಕ್ಕಿದ್ದನ್ನು ಒದ್ದೆಯಾಗಿಯೇ ಇಡುವುದು. ಮೊದಮೊದಲು ಅದು ಸಿಕ್ಕ ಕಡಲನೀರಿನಲ್ಲೇ ಮುಳುಗಿಸಿಡಬಹುದು. ಬಳಿಕ ಕಬ್ಬಿಣವನ್ನು ಕ್ಷಾರದ ದ್ರಾವಣಕ್ಕೆ, ಅಂದರೆ ಕಾಸ್ಟಿಕ್ ಸೋಡಾ ಅಥವಾ ಬಟ್ಟೆ ಒಗೆಯುವ ಸೋಡಾ ಕದಡಿದ ನೀರಿಗೆ ವರ್ಗಾಯಿಸುತ್ತಾರೆ, ಏಕೆಂದರೆ ಕ್ಷಾರದಲ್ಲಿ ಕಬ್ಬಿಣದ ಸವೆತ ಬಹುಮಟ್ಟಿಗೆ ನಿಲ್ಲುತ್ತದೆ ಮತ್ತು ಒಳಗಿನ ಕ್ಲೋರೈಡ್ ಮೆಲ್ಲಮೆಲ್ಲನೆ ಹೊರಬರತೊಡಗುತ್ತದೆ. ದ್ರಾವಣದಲ್ಲಿ ಸ್ವಲ್ಪವನ್ನು ತೆಗೆದು, ನೈಟ್ರಿಕ್ ಆಮ್ಲದಿಂದ ಅದರ ಕ್ಷಾರವನ್ನು ತಗ್ಗಿಸಿ, ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ, ಕ್ಲೋರೈಡ್ ಇದ್ದಲ್ಲಿ ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ದ್ರಾವಣ ಬದಲಿಸುವುದು, ಕಾಯುವುದು, ಮತ್ತೆ ಪರೀಕ್ಷಿಸುವುದು, ಹೊಸ ದ್ರಾವಣದಲ್ಲೂ ಬಿಳುಪು ಕಾಣದಾಗುವವರೆಗೆ ಇದನ್ನೇ ಮುಂದುವರಿಸುವುದು: ನೋಡುವವರಿಗೆ ಬೇಸರ ತರಿಸುವ ಈ ದಿನಚರಿಯೇ ಕಡಲ ಕಬ್ಬಿಣದ ಸಂರಕ್ಷಣೆಯ ಮುಕ್ಕಾಲು ಪಾಲು.

ಕವಚವನ್ನು ಒಡೆಯುವುದಕ್ಕೆ ಮೊದಲು ಅದರೊಳಗೆ ಏನಿದೆ ಎಂದು ಕ್ಷ-ಕಿರಣದಲ್ಲಿ ನೋಡುವ ಪದ್ಧತಿ ಏಕೆ ಬಂತು ಎಂಬುದಕ್ಕೆ ಅಮೆರಿಕದ ಟೆಕ್ಸಾಸ್ ಕರಾವಳಿಯ ಪಾದ್ರೆ ದ್ವೀಪ ಒಳ್ಳೆಯ ನಿದರ್ಶನ. ಮೆಕ್ಸಿಕೋದಿಂದ ಬೆಳ್ಳಿ ಹೊತ್ತು ಸ್ಪೇನಿಗೆ ಹೊರಟ ಮೂರು ಹಡಗುಗಳು 1554ರ ಏಪ್ರಿಲಿನಲ್ಲಿ ಬಿರುಗಾಳಿಗೆ ಸಿಕ್ಕಿ ಈ ಮರಳುದ್ವೀಪದ ದಂಡೆಗೆ ಅಪ್ಪಳಿಸಿ ಒಡೆದವು. ಅವುಗಳಲ್ಲಿ ಒಂದರ ಅವಶೇಷ 1950ರ ದಶಕದಲ್ಲಿ ಕಾಲುವೆ ತೋಡುವಾಗಲೇ ನಾಶವಾಯಿತು. ಇನ್ನೊಂದರ ಮೇಲೆ 1967ರಲ್ಲಿ ಖಾಸಗಿ ನಿಧಿಶೋಧಕರು ಕೈಹಾಕಿದ್ದು ದೊಡ್ಡ ವ್ಯಾಜ್ಯವಾಗಿ, ಅದರ ಫಲವಾಗಿಯೇ ಟೆಕ್ಸಾಸ್ ರಾಜ್ಯ 1969ರಲ್ಲಿ ಪ್ರಾಚ್ಯವಸ್ತುಗಳ ಕಾನೂನನ್ನು ರೂಪಿಸಿತು. ಸಾನ್ ಎಸ್ತೆಬಾನ್ ಎಂಬ ಮೂರನೆಯ ಹಡಗಿನ ಉತ್ಖನನ 1970ರ ದಶಕದಲ್ಲಿ ಕ್ರಮಬದ್ಧವಾಗಿ ನಡೆದು, ಅಲ್ಲಿ ಸಿಕ್ಕ ಕವಚಗಟ್ಟಿದ ಮುದ್ದೆಗಳು ಸಂರಕ್ಷಕ ಡಾನಿ ಹ್ಯಾಮಿಲ್ಟನ್ ಅವರ ಪ್ರಯೋಗಾಲಯಕ್ಕೆ ಬಂದವು. ಮುದ್ದೆಯೊಂದನ್ನು ಕ್ಷ-ಕಿರಣದಡಿ ಇಟ್ಟಾಗ ಹಲವು ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತಿತ್ತು, ಕೆಲವು ಕಡೆ ಮಾತ್ರ ವಸ್ತುವಿನ ಆಕಾರದ ಪೊಳ್ಳು ಕಾಣುತ್ತಿತ್ತು; ಕಬ್ಬಿಣ ಪೂರ್ತಿ ಕರಗಿ ಹೋಗಿ ಅದರ ಸುತ್ತ ಬೆಳೆದಿದ್ದ ಕವಚ ಮಾತ್ರ ಉಳಿದಿತ್ತು. ಹೀಗೆ ಉಳಿದ ಪೊಳ್ಳು ತಾನೇ ಒಂದು ಅಚ್ಚು. ಕವಚಕ್ಕೆ ಸಣ್ಣ ರಂಧ್ರ ಕೊರೆದು, ಒಳಗಿನ ಕೆಸರುತುಕ್ಕನ್ನು ತೊಳೆದು ತೆಗೆದು, ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟನ್ನು ಸುರಿದು, ಅದು ಗಟ್ಟಿಯಾದ ಮೇಲೆ ಕವಚವನ್ನು ಬಿಡಿಸಿದರೆ, ಎಂದೋ ಇಲ್ಲವಾದ ಉಪಕರಣದ ಯಥಾರೂಪ ಕೈಗೆ ಬರುತ್ತದೆ. ಮೇಣದ ಮೂರ್ತಿಯ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಕಂಚು ಹೊಯ್ಯುವ ನಮ್ಮ ಎರಕದವರ ಕಸುಬಿಗೂ ಇದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಇಲ್ಲಿ ಮಣ್ಣು ಮೆತ್ತಿದ್ದೂ ಮೇಣ ಕರಗಿಸಿದ್ದೂ ಸಮುದ್ರ. ಸುತ್ತಿಗೆಯ ಒಂದು ಪೆಟ್ಟಿನಿಂದ ಅಂಥ ಮುದ್ದೆಯನ್ನು ಒಡೆದವನಿಗೆ ಸಿಗುವುದು ಕಪ್ಪು ನೀರು ಮತ್ತು ಕಲ್ಲಿನ ಚೂರುಗಳು.

ಕಬ್ಬಿಣದಲ್ಲಿ ಲೋಹ ಸಾಕಷ್ಟು ಉಳಿದಿದ್ದರೆ ಉಪ್ಪು ಬಿಡಿಸುವುದಕ್ಕೆ ವಿದ್ಯುತ್ತಿನ ನೆರವು ಪಡೆಯಬಹುದು. ಸವೆತವೆಂಬುದೇ ವಿದ್ಯುತ್ತಿನ ವ್ಯವಹಾರ ಎಂಬುದನ್ನು ಇಂಗ್ಲೆಂಡಿನ ಹಂಫ್ರಿ ಡೇವಿ 1824ರಲ್ಲಿಯೇ ತೋರಿಸಿಕೊಟ್ಟಿದ್ದರು. ನೌಕಾಪಡೆಯ ಹಡಗುಗಳ ತಳಕ್ಕೆ ಹೊಡೆಯುತ್ತಿದ್ದ ತಾಮ್ರದ ತಗಡು ಸವೆಯದಂತೆ ಅದಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದಾಗ, ಹೆಚ್ಚು ಚುರುಕಾದ ಆ ಲೋಹ ತಾನು ಕರಗಿ ತಾಮ್ರವನ್ನು ಉಳಿಸುತ್ತಿತ್ತು. ಪ್ರಯೋಗ ಎಷ್ಟು ಯಶಸ್ವಿಯಾಯಿತೆಂದರೆ ಅದನ್ನು ಕೈಬಿಡಬೇಕಾಯಿತು: ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಅಂಟದಂತೆ ಅಷ್ಟು ದಿನ ತಡೆದಿದ್ದದ್ದು ಕರಗುತ್ತಿದ್ದ ತಾಮ್ರದ ವಿಷವೇ ಆಗಿದ್ದು, ತಾಮ್ರ ಕರಗುವುದು ನಿಂತೊಡನೆ ಅವು ಹೇರಳವಾಗಿ ಬೆಳೆದು ಹಡಗಿನ ವೇಗವನ್ನೇ ಕುಗ್ಗಿಸಿದವು. ಸವೆತವೆಂಬುದು ವಿದ್ಯುತ್ತಿನ ವ್ಯವಹಾರ ಎಂಬ ಇದೇ ತತ್ವದ ಮೇಲೆ ವಿದ್ಯುದ್ವಿಭಜನೆಯ ತೊಟ್ಟಿ ಕೆಲಸ ಮಾಡುತ್ತದೆ. ಕ್ಷಾರದ ದ್ರಾವಣದಲ್ಲಿ ಹಳೆಯ ಕಬ್ಬಿಣವನ್ನು ಋಣಾಗ್ರಕ್ಕೆ, ಸುತ್ತಲಿನ ಉಕ್ಕಿನ ಜಾಲರಿಯನ್ನು ಧನಾಗ್ರಕ್ಕೆ ಜೋಡಿಸಿ ಸಣ್ಣ ಪ್ರಮಾಣದ ಏಕಮುಖ ವಿದ್ಯುತ್ತನ್ನು ಹರಿಸಿದಾಗ, ಋಣ ವಿದ್ಯುದಂಶದ ಕ್ಲೋರೈಡ್ ಕಣಗಳು ಕಬ್ಬಿಣದಿಂದ ದೂರ ಸರಿದು ಜಾಲರಿಯ ಕಡೆಗೆ ಚಲಿಸುತ್ತವೆ. ಕಬ್ಬಿಣದ ಮೈಯಲ್ಲಿ ಹುಟ್ಟುವ ಜಲಜನಕದ ಗುಳ್ಳೆಗಳು ಕವಚವನ್ನು ಒಳಗಿನಿಂದ ಸಡಿಲಿಸುತ್ತವೆ.

ಆಸ್ಟ್ರೇಲಿಯದ ಈಶಾನ್ಯ ತೀರದ ಹವಳದ ದಿಬ್ಬಕ್ಕೆ 1770ರ ಜೂನಿನಲ್ಲಿ ಸಿಕ್ಕಿಕೊಂಡ ಎಂಡೆವರ್ ಹಡಗನ್ನು ಹಗುರ ಮಾಡಲು ಕ್ಯಾಪ್ಟನ್ ಜೇಮ್ಸ್ ಕುಕ್ ಕಡಲಿಗೆ ಎಸೆಸಿದ್ದ ಆರು ಫಿರಂಗಿಗಳನ್ನು 1969ರಲ್ಲಿ ಹುಡುಕಿ ಮೇಲೆತ್ತಿದಾಗ, ಮೆಲ್ಬರ್ನಿನ ಪ್ರಯೋಗಾಲಯದಲ್ಲಿ ಕಾಲಿನ್ ಪಿಯರ್ಸನ್ ಅವುಗಳಿಗೆ ಈ ಬಗೆಯ ಚಿಕಿತ್ಸೆ ಕೊಟ್ಟರು. ಅದೇ ಪಿಯರ್ಸನ್ ಮತ್ತು ನೀಲ್ ನಾರ್ತ್ 1975ರಲ್ಲಿ ಪ್ರಕಟಿಸಿದ ಮತ್ತೊಂದು ವಿಧಾನದಲ್ಲಿ ವಿದ್ಯುತ್ತೇ ಬೇಡ. ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಟ್ ಬೆರೆಸಿದ ಬಿಸಿ ದ್ರಾವಣದಲ್ಲಿ, ಗಾಳಿಯಾಡದ ಪಾತ್ರೆಯೊಳಗೆ ವಸ್ತುವನ್ನು ಮುಳುಗಿಸಿಟ್ಟರೆ ತುಕ್ಕು ಹೆಚ್ಚು ರಂಧ್ರಗಳುಳ್ಳ ರೂಪಕ್ಕೆ ತಿರುಗಿ ಉಪ್ಪನ್ನು ಬಿಟ್ಟುಕೊಡುತ್ತದೆ. ಸ್ವೀಡನ್ನಿನಲ್ಲಿ 1961ರಲ್ಲಿ ಮೇಲೆತ್ತಿದ ವಾಸಾ ಹಡಗಿನ ಗುಂಡುಗಳನ್ನು ಜಲಜನಕ ತುಂಬಿದ ಕುಲುಮೆಯಲ್ಲಿ ಕಾಯಿಸಿ ಉಪ್ಪನ್ನು ಓಡಿಸಿದ್ದೂ ಉಂಟು. ಗುಂಡುಗಳೇನೋ ಉಳಿದವು, ಆದರೆ ಅಷ್ಟು ಶಾಖಕ್ಕೆ ಲೋಹದ ಒಳರಚನೆ ಬದಲಾಗುವುದರಿಂದ ಹಳೆಯ ಎರಕದವನ ಕೈಕೆಲಸದ ಸಾಕ್ಷ್ಯ ಅಳಿಸಿಹೋಗುತ್ತದೆ ಎಂಬ ಆಕ್ಷೇಪ ಬಂದು ಆ ದಾರಿ ಹಿಂದೆ ಸರಿಯಿತು. ಈ ಆಕ್ಷೇಪ ಸರಿಯಾದದ್ದೇ. ಆಕಾರ ಉಳಿದು ಸಾಕ್ಷ್ಯ ಹೋದರೆ ಉಳಿದದ್ದು ಪ್ರತಿಕೃತಿಗಿಂತ ಹೆಚ್ಚೇನಲ್ಲ.

ಪಶ್ಚಿಮ ಆಸ್ಟ್ರೇಲಿಯದ ಪೋರ್ಟ್ ಗ್ರೆಗರಿಯಲ್ಲಿ 1872ರಲ್ಲಿ ಮುಳುಗಿದ ಜಾಂತೋ ಎಂಬ ಉಗಿಹಡಗಿನ ಎಂಜಿನ್ನಿನ ಚರಿತ್ರೆ ಈ ಕ್ಷೇತ್ರದ ತಾಳ್ಮೆಗೆ ಅಳತೆಗೋಲಿನಂತಿದೆ. ಎಂಜಿನ್ನನ್ನು ಮೇಲೆತ್ತುವ ಮುಂಚೆಯೇ, ಅದು ನೀರಿನಡಿಯಲ್ಲಿ ಇರುವಂತೆಯೇ, ತಾನು ಸವೆದು ಕಬ್ಬಿಣವನ್ನು ಕಾಯುವ ಬಲಿಲೋಹದ ತುಂಡುಗಳನ್ನು ಜೋಡಿಸಲಾಯಿತು. ಡೇವಿಯ ಉಪಾಯ ಹೀಗೆ ಒಂದೂವರೆ ಶತಮಾನದ ಬಳಿಕ ಬೇರೆಯೇ ಕೆಲಸಕ್ಕೆ ಬಂತು. 1985ರಲ್ಲಿ ಮೇಲೆತ್ತಿ ಫ್ರೀಮ್ಯಾಂಟಲ್‌ಗೆ ಸಾಗಿಸಿದ ಎಂಜಿನ್ನನ್ನು ಕ್ಷಾರದ ತೊಟ್ಟಿಗಿಳಿಸಿ, ಕವಚ ಬಿಡಿಸಿ, ಭಾಗಭಾಗವಾಗಿ ಕಳಚಿ, ಉಪ್ಪು ತೆಗೆದು, ಮತ್ತೆ ಜೋಡಿಸುತ್ತ ಬಂದರು. 2006ರಲ್ಲಿ ಆ ಎಂಜಿನ್ನನ್ನು ಕೈಯಿಂದ ತಿರುಗಿಸಿದಾಗ ಅದು ತಿರುಗಿತು. ಅಮೆರಿಕದ ಅಂತರ್ಯುದ್ಧದಲ್ಲಿ 1862ರ ಡಿಸೆಂಬರ್ 31ರಂದು ಹ್ಯಾಟರಸ್ ಭೂಶಿರದ ಬಳಿ ಮುಳುಗಿದ ಮಾನಿಟರ್ ಯುದ್ಧನೌಕೆಯ ಸುತ್ತುಗೋಪುರವನ್ನು 2002ರಲ್ಲಿ ಎತ್ತಿ ನ್ಯೂಪೋರ್ಟ್ ನ್ಯೂಸ್‌ನ ಸಂಗ್ರಹಾಲಯದಲ್ಲಿ ಇಂಥದೇ ತೊಟ್ಟಿಯಲ್ಲಿ ಮುಳುಗಿಸಿಡಲಾಯಿತು. 1864ರಲ್ಲಿ ಚಾರ್ಲ್ಸ್‌ಟನ್ ಬಳಿ ಶತ್ರುನೌಕೆಯೊಂದನ್ನು ಮುಳುಗಿಸಿ ತಾನೂ ಮುಳುಗಿದ ಹನ್ಲಿ ಎಂಬ ಕಬ್ಬಿಣದ ಜಲಾಂತರ್ಗಾಮಿ 2000ದಲ್ಲಿ ಮೇಲೆ ಬಂದು, ಹದಿನಾಲ್ಕು ವರ್ಷ ಅಧ್ಯಯನ ಮತ್ತು ಸಿದ್ಧತೆಗಳಿಗೆ ಸಂದ ನಂತರ, 2014ರಲ್ಲಷ್ಟೇ ಕ್ಷಾರಸ್ನಾನಕ್ಕೆ ಇಳಿಯಿತು. ಹನ್ಲಿಯ ನಾಯಕ ಜಾರ್ಜ್ ಡಿಕ್ಸನ್ ಇಟ್ಟುಕೊಂಡಿದ್ದ, ಹಿಂದಿನ ಕಾಳಗವೊಂದರಲ್ಲಿ ಗುಂಡು ತಾಗಿ ಬಾಗಿ ಅವನ ಜೀವ ಉಳಿಸಿದ್ದ ಚಿನ್ನದ ನಾಣ್ಯವೂ ಅದೇ ನೌಕೆಯೊಳಗೆ 2001ರಲ್ಲಿ ಸಿಕ್ಕಿತು. 137 ವರ್ಷ ಉಪ್ಪುಕೆಸರಿನಲ್ಲಿದ್ದ ಆ ನಾಣ್ಯದ ಮೇಲಿನ ಕೆತ್ತನೆಯ ಅಕ್ಷರಗಳನ್ನು ಓದುವುದಕ್ಕೆ ಯಾವ ತೊಟ್ಟಿಯೂ ಬೇಕಾಗಲಿಲ್ಲ. ಚಿನ್ನದ ಬಗ್ಗೆ ಸಂರಕ್ಷಕರು ಹೇಳಬೇಕಾದದ್ದು ಅಷ್ಟಕ್ಕೇ ಮುಗಿಯುತ್ತದೆ.

ವಿದ್ಯುದ್ವಿಭಜನೆಯನ್ನು ಬ್ಯಾಟರಿ ಚಾರ್ಜರ್ ಮತ್ತು ಪ್ಲಾಸ್ಟಿಕ್ ಬಕೆಟ್ಟಿನಿಂದ ಮನೆಯಲ್ಲೇ ಮಾಡಬಹುದು ಎಂಬ ಸಲಹೆ ಹವ್ಯಾಸಿಗಳ ನಡುವೆ ಪ್ರಚಾರದಲ್ಲಿದೆ. ತತ್ವದಲ್ಲಿ ಅದು ಸುಳ್ಳಲ್ಲದಿದ್ದರೂ, ಮುಚ್ಚಿದ ಕೋಣೆಯಲ್ಲಿ ಜಲಜನಕ ತುಂಬಿದರೆ ಒಂದು ಕಿಡಿ ಸಾಕು ಎಂಬುದನ್ನೂ, ಧನಾಗ್ರಕ್ಕೆ ಸ್ಟೇನ್‌ಲೆಸ್ ಸ್ಟೀಲಿನ ಚಮಚ ತಟ್ಟೆಗಳನ್ನು ಕಟ್ಟಿದರೆ ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗೆ ಇಳಿಯಬಹುದು ಎಂಬುದನ್ನೂ, ಕಾಸ್ಟಿಕ್ ಸೋಡಾ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು ಎಂಬುದನ್ನೂ ಆ ಸಲಹೆಗಳು ಹೇಳಲು ಮರೆಯುತ್ತವೆ. ವಿದ್ಯುತ್ತಿನ ಪ್ರಮಾಣ ಹೆಚ್ಚಾದರೆ ಜಲಜನಕದ ರಭಸಕ್ಕೆ ಗ್ರಾಫೈಟಿನ ಮೆತ್ತನೆಯ ಪದರ ಕಳಚಿ ಬೀಳುತ್ತದೆ. ಹೊಳೆಯುವ ಕಬ್ಬಿಣ ಹೊರಬಂದಿತೆಂಬ ಸಂತೋಷದಲ್ಲಿ ಆದ ನಷ್ಟ ಗಮನಕ್ಕೇ ಬರುವುದಿಲ್ಲ.

ತಾಮ್ರ, ಕಂಚು, ಹಿತ್ತಾಳೆಗಳಲ್ಲಿ ಉಪ್ಪಿನ ಆಟ ಬೇರೆ ವೇಷದಲ್ಲಿ ನಡೆಯುತ್ತದೆ. ಕಂಚಿನ ಮೇಲಿನ ನುಣುಪಾದ ಗಾಢ ಹಸಿರು ಅಥವಾ ಕಂದು ಪದರ ಕಾಪಿನ ಪದರವೇ ಆಗಿದ್ದು, ವಸ್ತುವಿನ ಮೂಲ ಮೈ ಇರುವುದು ಅದರಲ್ಲಿಯೇ. ಆದರೆ ಆ ಪದರದಡಿಯಲ್ಲಿ ತಾಮ್ರದ ಕ್ಲೋರೈಡ್ ಉಳಿದಿದ್ದರೆ, ಗಾಳಿಯ ತೇವವನ್ನು ಹೀರಿಕೊಂಡು ಅದು ತಿಳಿಹಸಿರಿನ ಪುಡಿಯಾಗಿ ಉಕ್ಕಿ ಬರುತ್ತದೆ; ಈ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೋಕ್ಲೋರಿಕ್ ಆಮ್ಲ ಹೊಸ ತಾಮ್ರವನ್ನು ತಿಂದು ಮತ್ತೆ ಕ್ಲೋರೈಡನ್ನು ಹುಟ್ಟಿಸುವುದರಿಂದ ಲೋಹ ಮುಗಿಯುವವರೆಗೂ ಚಕ್ರ ತಿರುಗುತ್ತಲೇ ಇರುತ್ತದೆ. ಸಂರಕ್ಷಕರ ಭಾಷೆಯಲ್ಲಿ ಇದಕ್ಕೆ ಕಂಚಿನ ರೋಗ ಎಂದೇ ಹೆಸರು. ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ 1930ರಲ್ಲಿ ರಸಾಯನ ಸಂರಕ್ಷಣಾ ಪ್ರಯೋಗಾಲಯ ಆರಂಭವಾಗಲು ಇದೇ ರೋಗ ಕಾರಣ. ಅಲ್ಲಿನ ಹೆಸರಾಂತ ದೇವತಾಮೂರ್ತಿಗಳಿಗೆ ಈ ಪುಡಿ ಹತ್ತಿಕೊಂಡಾಗ ಎಸ್. ಪರಮಶಿವನ್ ವಿದ್ಯುದ್ವಿಭಜನೆಯ ವಿಧಾನದಿಂದ ಅವುಗಳಿಗೆ ಚಿಕಿತ್ಸೆ ನೀಡಿದರು. ಕಡಲತೀರದ ಊರುಗಳ ಉಪ್ಪುಗಾಳಿ ಮತ್ತು ತೇವ ಕಂಚಿಗೆ ಎಷ್ಟು ಕೆಟ್ಟವು ಎಂಬ ಅರಿವು ಹೀಗೆ ದಕ್ಷಿಣ ಭಾರತಕ್ಕೆ ಸಾಕಷ್ಟು ಹಿಂದೆಯೇ ಬಂದಿತ್ತು.

ಸಣ್ಣ ವಸ್ತುಗಳಿಗೆ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ಎಂಬ, ಅಡುಗೆ ಸೋಡಾ ಮತ್ತು ಬಟ್ಟೆ ಸೋಡಾಗಳ ನಡುವಿನ ಲವಣದ ತಿಳಿ ದ್ರಾವಣದಲ್ಲಿ ನೆನೆಹಾಕುವುದು ಹಳೆಯ ರೂಢಿ. ಉಪ್ಪು ಬಿಟ್ಟ ಮೇಲೆ ಆಲ್ಕೋಹಾಲಿನಲ್ಲಿ ಕರಗಿಸಿದ ಬೆಂಜೊಟ್ರೈಅಜೋಲ್ ಎಂಬ ರಾಸಾಯನಿಕವನ್ನು ಉಣಿಸಿದರೆ ಅದು ತಾಮ್ರದೊಡನೆ ಕೂಡಿ ಕಾಪಿನ ಪೊರೆ ಕಟ್ಟುತ್ತದೆ; 1967ರಿಂದ ಬಳಕೆಯಲ್ಲಿರುವ ಈ ರಾಸಾಯನಿಕ ಆರೋಗ್ಯಕ್ಕೆ ಹಾನಿಕರವಾದುದರಿಂದ ಕೈಗವಸು ಮುಖಗವಸುಗಳಿಲ್ಲದೆ ಮುಟ್ಟುವಂತಿಲ್ಲ. ಹುಣಸೆಹಣ್ಣಿನ ಮಾತಿಗೆ ಬಂದರೆ, ಅದರ ಹುಳಿ ಕಿಲುಬನ್ನು ಕರಗಿಸಿ ಲೋಹವನ್ನು ಬೆಳಗುತ್ತದೆ ಎಂಬುದು ಪ್ರತಿ ಅಡುಗೆಮನೆಗೂ ಗೊತ್ತು. ವರ್ಷಕ್ಕೊಮ್ಮೆ ಬೆಳಗುವ ದೀಪದ ಕಂಬಕ್ಕೆ ಅದರಿಂದ ಆಗುವ ಸವೆತ ಗಣನೆಗೆ ಬಾರದು. ಆದರೆ ಕಡಲ ನಾಣ್ಯದಲ್ಲಿ ಅಕ್ಷರವಿರುವುದು ಕಿಲುಬಿನ ಪದರದಲ್ಲೇ ಆದ್ದರಿಂದ, ಹುಳಿ ಹಾಕಿ ತಿಕ್ಕಿದವರ ಕೈಯಲ್ಲಿ ಕೊನೆಗೆ ಉಳಿಯುವುದು ನುಣ್ಣನೆಯ ತಾಮ್ರದ ಬಿಲ್ಲೆ.

ಬೆಳ್ಳಿಯ ವಿಷಯದಲ್ಲಿ ಅಮೆರಿಕದ ಫ್ಲಾರಿಡಾದ ಪೂರ್ವ ತೀರದಷ್ಟು ದೊಡ್ಡ ಪಾಠಶಾಲೆ ಬೇರೊಂದಿಲ್ಲ. 1715ರ ಜುಲೈ 31ರಂದು ಬೀಸಿದ ಚಂಡಮಾರುತದಲ್ಲಿ ಸ್ಪೇನಿನ ಸಂಪತ್ತು ಹೊತ್ತ ಹಡಗುಗಳ ಗುಂಪೊಂದು ಅಲ್ಲಿ ಒಡೆದು, ಹನ್ನೆರಡರಲ್ಲಿ ಹನ್ನೊಂದು ಮುಳುಗಿದವು. ಇಂದಿಗೂ ದೊಡ್ಡ ಬಿರುಗಾಳಿಯ ನಂತರ ಅಲ್ಲಿನ ಮರಳಿನಲ್ಲಿ ಮೆಕ್ಸಿಕೋದ ಟಂಕಸಾಲೆಯ ನಾಣ್ಯಗಳು ಕಾಣಿಸಿಕೊಳ್ಳುವುದುಂಟು. ಕೈಯಿಂದ ಕತ್ತರಿಸಿ ಬಡಿದು ಮಾಡಿದ ಆ ಸೊಟ್ಟ ನಾಣ್ಯಗಳು ನೋಡಲು ಬೆಳ್ಳಿಯಂತಿರುವುದಿಲ್ಲ, ಸುಟ್ಟ ಬಿಸ್ಕತ್ತಿನ ಚೂರಿನಂತೆ ಕಪ್ಪಾಗಿರುತ್ತವೆ. ಕೊಳೆತ ಕೆಸರಿನಲ್ಲಿನ ಬ್ಯಾಕ್ಟೀರಿಯಾಗಳು ಹುಟ್ಟಿಸುವ ಗಂಧಕದ ಅನಿಲ ಬೆಳ್ಳಿಯನ್ನು ಸಿಲ್ವರ್ ಸಲ್ಫೈಡ್ ಆಗಿ ಮಾರ್ಪಡಿಸಿರುತ್ತದೆ. ಈ ಸಲ್ಫೈಡ್ ಕಬ್ಬಿಣದ ತುಕ್ಕಿನಂತೆ ಗಾಳಿಯಲ್ಲಿ ಮುಂದುವರಿಯದು ಎಂಬುದೇ ಬೆಳ್ಳಿಯ ಪುಣ್ಯ. ಅದನ್ನು ಆಮ್ಲದಲ್ಲಿ ಕರಗಿಸಿ ತೆಗೆಯುವ ಬದಲು, ಕ್ಷಾರದ ದ್ರಾವಣದಲ್ಲಿ ಸೋಡಿಯಂ ಡೈಥಿಯೊನೈಟ್ ಎಂಬ ರಾಸಾಯನಿಕದಿಂದ ಮತ್ತೆ ಬೆಳ್ಳಿಯಾಗಿಯೇ ಪರಿವರ್ತಿಸುವ ವಿಧಾನವನ್ನು ಪಶ್ಚಿಮ ಆಸ್ಟ್ರೇಲಿಯದ ಸಂರಕ್ಷಕರು 1979ರಲ್ಲಿ ರೂಪಿಸಿದರು. ಅಡುಗೆ ಸೋಡಾ ಹಾಕಿದ ಬಿಸಿನೀರಿನಲ್ಲಿ ಅಲ್ಯುಮಿನಿಯಂ ಹಾಳೆಯ ಮೇಲೆ ಬೆಳ್ಳಿಯನ್ನಿಟ್ಟು ಕಪ್ಪು ತೆಗೆಯುವ ಮನೆಯ ಉಪಾಯವೂ ತತ್ವದಲ್ಲಿ ಇದರ ಬಡ ದಾಯಾದಿಯೇ, ಆದರೆ ಪೂರ್ತಿ ಸಲ್ಫೈಡ್ ಆಗಿಹೋದ ನಾಣ್ಯ ಆ ಕುದಿತಕ್ಕೆ ಹೋಳಾಗಬಹುದು.

ಸೀಸ ಕಡಲಿನಲ್ಲಿ ಚೆನ್ನಾಗಿ ಬಾಳುವ ಲೋಹ. ಬಲೆಯ ಗುಂಡು, ಬಂದೂಕಿನ ಗುಂಡುಗಳು ಬೂದು ಬಿಳಿಯ ತೆಳುಪೊರೆ ಹೊದ್ದು ಹಾಗೆಯೇ ಸಿಗುತ್ತವೆ. ಅದಕ್ಕೆ ಅಪಾಯ ಬರುವುದು ಆಮೇಲೆ, ಮರದ ಕಪಾಟಿನಲ್ಲಿಟ್ಟಾಗ, ಏಕೆಂದರೆ ಹೊಸ ಮರ ಮತ್ತು ಅಂಟುಗಳಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ಸೀಸವನ್ನು ಬಿಳಿ ಪುಡಿಯಾಗಿಸುತ್ತದೆ.

ಉಪ್ಪು ತೆಗೆದ ಕಬ್ಬಿಣವನ್ನು ಶುದ್ಧ ನೀರಿನಲ್ಲಿ ತೊಳೆದು ಕ್ಷಾರ ಕಳೆದು, ಆಲ್ಕೋಹಾಲಿನಲ್ಲೋ ಅಸಿಟೋನಿನಲ್ಲೋ ಅದ್ದಿ ನೀರಿನ ಪಸೆ ಹೊರಡಿಸಿ ಒಣಗಿಸಿದ ಮೇಲೆ, ಟ್ಯಾನಿಕ್ ಆಮ್ಲ ಬಳಿಯುತ್ತಾರೆ. ಅಳಲೆಕಾಯಿಯ ಒಗರು ಅನ್ನಭೇದಿ ಎಂಬ ಕಬ್ಬಿಣದ ಲವಣದೊಡನೆ ಕೂಡಿದಾಗ ಶಾಯಿ ಕಪ್ಪಾಗುತ್ತಿದ್ದುದು ಹಿಂದಿನ ಲೇಖಕರಿಗೆ ಗೊತ್ತಿತ್ತು. ಅದೇ ಕ್ರಿಯೆಯಿಂದ ಕಬ್ಬಿಣದ ಮೈ ನೀಲಿಗಪ್ಪು ಬಣ್ಣಕ್ಕೆ ತಿರುಗಿ ಸ್ವಲ್ಪ ಮಟ್ಟಿನ ರಕ್ಷಣೆ ಪಡೆಯುತ್ತದೆ. ಅದರ ಮೇಲೆ ಬಿಸಿ ಮೇಣದ ಲೇಪ. ಇಷ್ಟಾದರೂ ಕೆಲಸ ಮುಗಿಯಿತೆನ್ನುವಂತಿಲ್ಲ, ಏಕೆಂದರೆ ಪೂರ್ತಿ ಉಪ್ಪು ತೆಗೆದೆವೆಂದು ಯಾವ ಸಂರಕ್ಷಕರೂ ಎದೆ ತಟ್ಟಿ ಹೇಳಲಾರರು, ಉಳಿದ ಚೂರು ಉಪ್ಪನ್ನು ನಿದ್ದೆಯಲ್ಲಿಡಬೇಕಾದರೆ ಗಾಳಿ ಒಣಗಿರಬೇಕು. ಕಬ್ಬಿಣದ ಹಡಗಾದ ಗ್ರೇಟ್ ಬ್ರಿಟನ್ನಿಗಾಗಿ ಬ್ರಿಸ್ಟಲ್ ನಗರದಲ್ಲಿ 2005ರಲ್ಲಿ ಮಾಡಿದ ಏರ್ಪಾಡು ಇದಕ್ಕೆ ದೊಡ್ಡ ಉದಾಹರಣೆ. 1843ರಲ್ಲಿ ನೀರಿಗಿಳಿದ ಆ ಹಡಗಿನ ತಳಭಾಗದ ಸುತ್ತ ಗಾಜಿನ ಚಾವಣಿ ಹಾಕಿ ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆಯನ್ನು, ಎಂದರೆ ಗಾಳಿ ಹಿಡಿದಿಡಬಲ್ಲ ತೇವದಲ್ಲಿ ನಿಜವಾಗಿ ಇರುವ ಪಾಲನ್ನು, ಯಂತ್ರಗಳ ಮೂಲಕ ಶೇ 20ರ ಸುಮಾರಿಗೆ ಇಳಿಸಿಡಲಾಗಿದೆ. ಕಂಚಿಗಾದರೆ ಶೇ 40ಕ್ಕಿಂತ ಕೆಳಗಿದ್ದರೂ ಸಾಕು. ಮಳೆಗಾಲದ ಮಂಗಳೂರಿನಲ್ಲೋ ಕಾರವಾರದಲ್ಲೋ ಈ ಪ್ರಮಾಣ ಶೇ 80ನ್ನು ಸಲೀಸಾಗಿ ದಾಟುತ್ತದೆಯಾದ್ದರಿಂದ, ನಮ್ಮ ಕರಾವಳಿಯ ಮನೆಯ ಷೋಕೇಸು ಕಡಲ ಕಬ್ಬಿಣಕ್ಕೆ ತಕ್ಕ ಜಾಗವಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣ, ಆಗಾಗ ಆ ಪೊಟ್ಟಣವನ್ನು ಬಿಸಿ ಮಾಡಿ ಒಣಗಿಸುವ ಶಿಸ್ತು, ಇವು ಕಡಿಮೆ ಖರ್ಚಿನ ಬದಲಿ.

ಭಾರತದಲ್ಲಿ ಕಡಲಡಿಯ ಪುರಾತತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರೇ ಆದ ಎಸ್.ಆರ್. ರಾವ್. ಲೋಥಲ್ ಉತ್ಖನನದಿಂದ ಹೆಸರಾಗಿದ್ದ ಅವರು 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿದರು. ಅದೇ ಸಂಸ್ಥೆಯವರು ಗೋವಾದ ಸುಂಚಿ ದಿಬ್ಬದ ಬಳಿ ಪೋರ್ಚುಗೀಸರ ಕಾಲದ ಒಡೆದ ಹಡಗೊಂದನ್ನು ಪರಿಶೀಲಿಸಿದಾಗ ಆನೆಯ ದಂತ, ನೀರಾನೆಯ ಹಲ್ಲುಗಳ ಜತೆ ಕಬ್ಬಿಣದ ಫಿರಂಗಿಗಳೂ ಕಂಡವು. ಅರಬ್ಬೀ ಸಮುದ್ರದ ಈ ದಂಡೆಯಲ್ಲಿ ಶತಮಾನಗಟ್ಟಲೆ ಹಡಗುಗಳು ಓಡಾಡಿರುವಾಗ ಬಲೆಗೆ ಅಥವಾ ಮರಳಿಗೆ ಇಂಥ ಮುದ್ದೆಗಳು ಸಿಗುವುದು ಆಶ್ಚರ್ಯದ ಸಂಗತಿಯೇನಲ್ಲ. ಬ್ರಿಟನ್ನಿನಲ್ಲಿ ಒಡೆದ ಹಡಗಿನ ವಸ್ತು ಸಿಕ್ಕವರು 28 ದಿನಗಳೊಳಗೆ ಅದಕ್ಕೆಂದೇ ಇರುವ ಅಧಿಕಾರಿಗೆ ತಿಳಿಸಬೇಕೆಂಬ ನಿಯಮವಿದೆ. ಭಾರತದಲ್ಲಿಯೂ ನಿಧಿಯ ಬಗ್ಗೆ 1878ರಿಂದ, ನೂರು ವರ್ಷ ದಾಟಿದ ಪ್ರಾಚ್ಯವಸ್ತುಗಳ ಬಗ್ಗೆ 1972ರಿಂದ ಕಾಯ್ದೆಗಳಿದ್ದು, ಸಿಕ್ಕಿದ್ದೆಲ್ಲ ಸಿಕ್ಕವರದೇ ಎಂಬ ನಂಬಿಕೆಗೆ ಕಾನೂನಿನ ಬೆಂಬಲವಿಲ್ಲ.

ಕರಾವಳಿಯ ಓದುಗರಲ್ಲಿ ಯಾರಿಗಾದರೂ ಇಂಥದ್ದೇನಾದರೂ ಎದುರಾದರೆ, ದುಂಡಗೆ ಅಥವಾ ಕೊಳವೆಯ ಆಕಾರದಲ್ಲಿದ್ದು ಸಿಡಿಗುಂಡಿರಬಹುದೆಂಬ ಸಣ್ಣ ಅನುಮಾನ ಬಂದರೂ ಅದನ್ನು ಮುಟ್ಟದೆ ಪೊಲೀಸರಿಗೆ ತಿಳಿಸಬೇಕು. ಅಂಥ ಅನುಮಾನವಿಲ್ಲದಿದ್ದರೆ, ಇದ್ದ ಜಾಗದಲ್ಲೇ ಅಳತೆಪಟ್ಟಿಯನ್ನೋ ಪೆನ್ನನ್ನೋ ಪಕ್ಕದಲ್ಲಿಟ್ಟು ಫೋಟೊ ತೆಗೆದು, ಜಾಗವನ್ನು ಬರೆದಿಟ್ಟುಕೊಂಡು, ಅಲೆಗೆ ಕೊಚ್ಚಿಹೋಗುವ ಭಯವಿಲ್ಲದಿದ್ದಲ್ಲಿ ಅಲ್ಲಿಯೇ ಬಿಟ್ಟು, ತಾಲ್ಲೂಕು ಕಚೇರಿಗೋ ಪುರಾತತ್ವ ಇಲಾಖೆಗೋ ಸುದ್ದಿ ಮುಟ್ಟಿಸಬೇಕು. ತರಲೇಬೇಕಾಗಿ ಬಂದರೆ ಅದು ಸಿಕ್ಕ ಕಡಲನೀರನ್ನೇ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತುಂಬಿ, ವಸ್ತು ಪೂರ್ತಿ ಮುಳುಗುವಂತೆ ಇಟ್ಟು, ಮುಚ್ಚಳ ಹಾಕಿ ನೆರಳಿನಲ್ಲಿರಿಸಬೇಕು. ಇಲಾಖೆಯವರು ಬರುವವರೆಗೆ ಅದಕ್ಕೆ ಸುತ್ತಿಗೆ, ಹುಳಿ, ಬಿಸಿಲು ಯಾವುದನ್ನೂ ತಾಗಿಸದಿರುವುದೊಂದೇ ಸಿಕ್ಕವರು ಮಾಡಬೇಕಾದ ಕೆಲಸ.